ಒಲೆ ಇಲ್ಲದ ಊರು



ಏಪ್ರಿಲ್ ಎರಡನೇ ವಾರ ಬಂತೆಂದರೆ ಹುಮನಾಬಾದಿನ ಮನೆಮನೆಯಲ್ಲೂ ಒಂದು ಚರ್ಚೆ ಶುರುವಾಗುತ್ತದೆ. ಸಾಲಿಗೆ ಸೂಟಿ ಬಿಟ್ಟಿದೆ, ಈ ಸಲ ಎಲ್ಲಿಗೆ? ಮಕ್ಕಳಿಗೆ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ ಬೇಕು. ಅಪ್ಪನಿಗೆ ಮಹಾಬಳೇಶ್ವರದ ತಂಪು ಬೇಕು. ಅಜ್ಜ ತುಳಜಾಪುರ, ಪಂಢರಪುರ ಅನ್ನುತ್ತಾರೆ, ಅಜ್ಜಿಗೆ ತಿರುಪತಿಯ ಹಳೆಯ ಹರಕೆಯೊಂದು ನೆನಪಾಗುತ್ತದೆ. ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ–ಕಲಬುರಗಿ ಹೆದ್ದಾರಿಯೂ ಕೂಡುವ ಊರು ನಮ್ಮದು. 2017ರ ಅಕ್ಟೋಬರ್‌ನಿಂದ ಬೀದರ–ಕಲಬುರಗಿ ರೈಲು ಮಾರ್ಗವೂ ತೆರೆದಿದೆ. ನಾಲ್ಕೂ ದಿಕ್ಕಿಗೆ ದಾರಿ ಇದ್ದಮೇಲೆ ಮಾತು ಬೇಗ ಮುಗಿಯುವುದಾದರೂ ಹೇಗೆ?

ಈ ಮಾತು ನಡೆಯುವ ಹೊತ್ತಿನಲ್ಲಿ ಮನೆಯ ತಾಯಿ ಮಾಳಿಗೆಯ ಮೇಲಿರುತ್ತಾರೆ. ಬಿಸಿಲೇರುವ ಮೊದಲು ಹಳೆಯ ಸೀರೆ ಹಾಸಿ ಹಪ್ಪಳ, ಸಂಡಿಗೆ ಒಣಗಲು ಹಾಕಬೇಕು. ವರ್ಷಕ್ಕೆ ಸಾಲುವಷ್ಟು ಖಾರ ಕುಟ್ಟಿಸಬೇಕು, ಶಾವಿಗೆ ಮಾಡಬೇಕು, ಮಾವಿನಕಾಯಿ ಬಂದಿತೆಂದರೆ ಉಪ್ಪಿನಕಾಯಿ ಹಾಕಬೇಕು. ಅಷ್ಟರಲ್ಲಿ ನಾದಿನಿಯ ಮಕ್ಕಳು ಬರುತ್ತಾರೆ. ಅವರಿಗೆ ಹೋಳಿಗೆ, ಸೀಕರಣಿ ಆಗಬೇಕು. ನಮ್ಮ ಕಲಬುರಗಿ ವಿಭಾಗದಲ್ಲಿ ಬಿಸಿಲಿಗೆ ಹೆದರಿ ಸರಕಾರಿ ಕಚೇರಿಗಳೇ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವ ರೂಢಿಯಿದೆ. ಅಡುಗೆಮನೆಗೆ ಇಂಥ ಆದೇಶವನ್ನು ಯಾವ ಸರಕಾರವೂ ಹೊರಡಿಸಿಲ್ಲ. ಊರಿಗೆಲ್ಲ ಸೂಟಿ ಬಿಟ್ಟಾಗ ಆ ತಾಯಿಯ ಕೆಲಸ ಎರಡು ಪಟ್ಟಾಗುತ್ತದೆ.

ನಮ್ಮ ಓಣಿಯ ಒಬ್ಬ ತಾಯಿಯನ್ನು ನಾನು ಒಮ್ಮೆ ಕೇಳಿದ್ದೆ, "ಅಕ್ಕಾ, ನಿಮಗ ಎಲ್ಲಿಗೆ ಹೋಗೂದಂದ್ರ ಇಷ್ಟ?" ಅಂತ. ಅವರು ಸ್ವಲ್ಪವೂ ಯೋಚಿಸಲಿಲ್ಲ. "ಎಲ್ಲಿಗಾದ್ರೂ ಆಗ್ಲಿ ತಮ್ಮಾ, ಒಲಿ ಇಲ್ಲದ ಊರಿಗಿ ಕರ್ಕೊಂಡ್ ಹೋದ್ರ ಸಾಕ್" ಅಂದರು. ಆ ಮಾತು ಕೇಳಿದಂದಿನಿಂದ ಯಾರಾದರೂ ಪ್ರವಾಸದ ಯೋಜನೆ ಹೇಳಿದರೆ ನನ್ನ ಮನಸ್ಸು ಮೊದಲು ಒಲೆಯನ್ನೇ ಹುಡುಕುತ್ತದೆ.

ನಮ್ಮ ರಜೆಗಳನ್ನು ಹೀಗೊಮ್ಮೆ ಒಲೆಯ ಕಡೆಯಿಂದ ನೋಡಿ. ಬೀಗರ ಊರಿಗೆ ಹೋದರೆ ಒಲೆ ಬದಲಾಗುತ್ತದೆ ಅಷ್ಟೇ. ಗಂಡನ ಮನೆಯ ಒಲೆಯ ಮುಂದಿದ್ದವರು ಅತ್ತಿಗೆಯ ಒಲೆಯ ಮುಂದೆ ಕೂಡುತ್ತಾರೆ. ದೇವರ ಯಾತ್ರೆಗೆ ಹೊರಟರೆ ಹಿಂದಿನ ಎರಡು ದಿನ ರೊಟ್ಟಿ ಬಡಿಯುವುದರಲ್ಲೇ ಹೋಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಂಡಿ, ಚೂಡಾ ಎಲ್ಲ ಸೇರಿ ಬುತ್ತಿಯ ಗಂಟು ದೊಡ್ಡದಾಗುತ್ತದೆ, ಹೊರಡುವ ಹೊತ್ತಿಗೆ ಅವರ ಸೊಂಟ ನೋಯುತ್ತಿರುತ್ತದೆ. ಗಿರಿಧಾಮದಲ್ಲಿ ಅಡುಗೆಮನೆ ಇರುವ ಕೋಣೆ ಹಿಡಿದರೆ ಖರ್ಚು ಉಳಿಯುತ್ತದೆ ಅನ್ನುತ್ತೇವೆ. ಅದು ಯಾರ ಬೆವರಿನಲ್ಲಿ ಉಳಿಯಿತು ಎಂದು ಲೆಕ್ಕ ಹಾಕುವುದಿಲ್ಲ.

ನನಗೆ ತುಂಬ ಪ್ರೀತಿಯ ನಮ್ಮ ಎಳ್ಳಮಾವಾಸ್ಯೆಯ ಬಗೆಗೂ ಇದನ್ನು ಹೇಳಲೇಬೇಕು. ಬೀದರ, ಕಲಬುರಗಿ ಜಿಲ್ಲೆಗಳಲ್ಲಿ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಚಳಿಗಾಲದ ಎಳೆ ಬಿಸಿಲು, ಹಸಿರು ಕಡಲೆ ಹೊಲ, ತೆನೆ ಹೊತ್ತ ಜೋಳ. ಇದಕ್ಕಿಂತ ಚೆಂದದ ರಜೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಊಟಕ್ಕೆ ಭಜ್ಜಿ ಇರುತ್ತದೆ. ತೊಗರಿಕಾಯಿ, ಅವರೆ, ಹಸಿ ಕಡಲೆ, ಬದನೆ, ಗಜ್ಜರಿ, ಮೆಂತ್ಯದ ಸೊಪ್ಪು, ಕೈಗೆ ಸಿಕ್ಕ ತರಕಾರಿಯೆಲ್ಲ ಒಂದೇ ಪಾತ್ರೆಯಲ್ಲಿ ಕಡಲೆಹಿಟ್ಟಿನ ಜೊತೆ ಕುದಿದು ಆಗುವ ಪದಾರ್ಥ ಅದು. ಜೊತೆಗೆ ಸಜ್ಜಿ ರೊಟ್ಟಿ, ಅಂಬಲಿ. ಆದರೆ ಒಂಬತ್ತಕ್ಕೆ ಹೊಲಕ್ಕೆ ಹೊರಡಬೇಕಾದರೆ ಆ ಪಾತ್ರೆ ಒಲೆಯ ಮೇಲೆ ಏರುವುದು ನಸುಕಿಗೂ ಮೊದಲು. ಹಿಂದಿನ ರಾತ್ರಿ ಕಾಳು ಬಿಡಿಸುತ್ತ ಕೂತವರೇ ನಸುಕಿನಲ್ಲಿ ಎದ್ದು ಒಲೆ ಹಚ್ಚುತ್ತಾರೆ. ಕಾಳು ಬಿಡಿಸುವುದಕ್ಕೆ, ಸೊಪ್ಪು ಸೋಸುವುದಕ್ಕೆ ಗಂಡಸರ ಕೈಗೇನಾಗಿದೆ? ಮನೆಯವರೆಲ್ಲ ಸೇರಿ ಮಾಡಿದರೆ ಆ ಹಬ್ಬ ಹಿಂದಿನ ರಾತ್ರಿಯಿಂದಲೇ ಶುರುವಾಗುತ್ತದೆ.

ಈ ಹಬ್ಬದಲ್ಲಿ ಇನ್ನೊಂದು ವಿಷಯವೂ ಅಡಗಿದೆ. ಬಿಸಿಲ ನಾಡಿನಲ್ಲಿ ಯಾವಾಗ ಮನೆ ಬಿಟ್ಟು ಹೊರಗೆ ಹೋಗಬೇಕೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಎಳ್ಳಮಾವಾಸ್ಯೆ, ಮಾಣಿಕನಗರದ ದತ್ತಜಯಂತಿ, ನಮ್ಮೂರ ವೀರಭದ್ರೇಶ್ವರನ ಜಾತ್ರೆ, ಎಲ್ಲವೂ ಡಿಸೆಂಬರ್, ಜನವರಿಯ ಆಸುಪಾಸಿನವು. ಈಗ ಸಾಲೆಯ ವೇಳಾಪಟ್ಟಿಗೆ ಕಟ್ಟುಬಿದ್ದು ನಾವು ಮೇ ತಿಂಗಳಲ್ಲಿ ಪ್ರವಾಸ ಹೊರಡುತ್ತೇವೆ, ಜೋಗಕ್ಕೆ ಹೋಗಿ ಒಣಗಿದ ಬಂಡೆ ನೋಡಿ ಬರುತ್ತೇವೆ. ಕರ್ನಾಟಕ ಒಂದೇ ರಾಜ್ಯವಾದರೂ ಹವೆ ಒಂದೇ ಅಲ್ಲ. ನಮ್ಮ ಬೀದರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ, ಆಗುಂಬೆಯಲ್ಲಿ 7000 ಮಿಲಿಮೀಟರ್ ಮೀರುತ್ತದೆ. ದಸರೆಯ ಸೂಟಿಯಲ್ಲಿ ಹೊರಟವರಿಗೆ ಮಲೆನಾಡು ಹಸಿರಾಗಿಯೇ ಸಿಗುತ್ತದೆ, ನಮ್ಮ ಕಡೆಯ ಬಿಸಿಲೂ ತಗ್ಗಿರುತ್ತದೆ. ಹಪ್ಪಳ, ಉಪ್ಪಿನಕಾಯಿಯ ಹಂಗಾಮು ಮುಗಿದು ಎಷ್ಟೋ ದಿನವಾಗಿರುತ್ತದೆ ಎಂಬುದನ್ನೂ ಮರೆಯಬಾರದು.

ಎಲ್ಲಿಗೆ ಎಂಬ ಮಾತು ಮಾತ್ರ ಈಚೆಗೆ ಸ್ವಲ್ಪ ಬದಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವಿಲ್ಲ. 2025ರ ಜುಲೈ ವೇಳೆಗೆ ಇಂಥ ಪ್ರಯಾಣಗಳು 500 ಕೋಟಿ ದಾಟಿದವು. ಆ ಯೋಜನೆಯ ಲಾಭ ನಷ್ಟದ ವಾದ ಏನೇ ಇರಲಿ, ನಮ್ಮ ಓಣಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಎಲ್ಲಿಗೆ ಹೋಗಬೇಕೆಂದು ಅಕ್ಕಂದಿರು ತಾವೇ ಕೂತು ಮಾತಾಡಿ ಗೊತ್ತುಮಾಡುವುದನ್ನು ನಾನು ಮೊದಲ ಸಲ ನೋಡಿದೆ. ಅವರು ಆರಿಸಿಕೊಂಡ ರಜೆಯ ರೀತಿಯೇ ಬೇರೆ. ಒಂದೇ ದಿನದ್ದು, ಓಣಿಯ ಗೆಳತಿಯರ ಜೊತೆ, ಬುತ್ತಿಯಿಲ್ಲದೆ. ಬೆಳಿಗ್ಗೆ ಬಸವಕಲ್ಯಾಣದ ಬಸ್ಸು ಹತ್ತಿದರು. ಕೋಟೆ, ತ್ರಿಪುರಾಂತ ಕೆರೆ, ಅಕ್ಕನಾಗಮ್ಮನ ಗವಿ ನೋಡಿದರು, 108 ಅಡಿಯ ಬಸವಣ್ಣನ ಮೂರ್ತಿಯ ನೆರಳಿನಲ್ಲಿ ಕೂತರು. ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯ ಉಂಡರು. ಬೇರೆಯವರು ಬಡಿದ ರೊಟ್ಟಿ ಎಷ್ಟು ರುಚಿ ಎಂದು, ಒಲೆ ಇಲ್ಲದ ಊರು ಕೇಳಿದ್ದ ಆ ಅಕ್ಕ ಬಂದು ಹೇಳಿದ್ದನ್ನು ಕೇಳಿ ನನ್ನ ಕಣ್ಣು ತುಂಬಿದವು. ಆಯ್ದಕ್ಕಿ ಲಕ್ಕಮ್ಮ, ಮೋಳಿಗೆಯ ಮಹಾದೇವಿಯಂಥ ಶರಣೆಯರು ಕೂತು ಮಾತನಾಡಿದ ಕಲ್ಯಾಣ ಅದು. ಅಲ್ಲಿಗೆ ಈ ಅಕ್ಕಂದಿರು ತಮ್ಮ ಇಷ್ಟದಿಂದ, ತಮ್ಮ ಮಾತಿನ ಮೇಲೆ ಹೋಗಿದ್ದರು.

ಆಮೇಲೆ ಜಲಸಂಗ್ವಿಗೂ ಹೋದರು. ನಮ್ಮ ತಾಲ್ಲೂಕಿನದೇ ಹಳ್ಳಿ. ಅಲ್ಲಿನ ಚಾಲುಕ್ಯರ ಕಾಲದ ಈಶ್ವರ ಗುಡಿಯ ಹೊರಗೋಡೆಯ ತುಂಬ ಮದನಿಕೆಯರಿದ್ದಾರೆ. ಬೇಲೂರಿನ ಶಿಲಾಬಾಲಿಕೆಯರಿಗೆ ಇವರೇ ಪ್ರೇರಣೆ ಎನ್ನುವ ವಿದ್ವಾಂಸರೂ ಉಂಟು. ಅವರಲ್ಲಿ ಒಬ್ಬಳು ಶಾಸನ ಬರೆಯುತ್ತಿರುವ ಹೆಣ್ಣು. ಆಕೆ ಬರೆಯುತ್ತಿರುವುದು 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು. ಹತ್ತಿರ ನಿಂತು ನೋಡಿದರೆ ಆಭರಣದ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ದೇಹ ಬಳುಕಿದೆ, ಕೈ ಮಾತ್ರ ಅಕ್ಷರದ ಮೇಲೆ ನಿಂತಿದೆ. ಆ ಅಕ್ಕಂದಿರು ಆಕೆಯ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ಬೇಗ ನಡೆಯಿರಿ, ಮನೆಗೆ ಹೋಗಿ ಅಡುಗೆ ಆಗಬೇಕು ಎಂದು ಅವಸರಿಸುವವರು ಯಾರೂ ಜೊತೆಗಿರಲಿಲ್ಲ.

ಮಹಾಬಳೇಶ್ವರ ಬೇಡವೆಂದಾಗಲಿ, ತಿರುಪತಿ ಬೇಡವೆಂದಾಗಲಿ ನಾನು ಹೇಳುತ್ತಿಲ್ಲ. ಹರಕೆ ತೀರಬೇಕು, ಮಕ್ಕಳು ದೂರದ ಊರು ನೋಡಬೇಕು. ಆದರೆ ಜಾಗ ಗೊತ್ತುಮಾಡುವ ಮೊದಲು ಮಾಳಿಗೆಯ ಮೇಲಿರುವವರನ್ನು ಕೆಳಗೆ ಕರೆದು ಕೂಡಿಸಿಕೊಳ್ಳೋಣ, ಮೊದಲ ಮಾತು ಅವರದಾಗಲಿ. ಅವರು ತಟ್ಟನೆ ಹೇಳಲಾರರು. ಇಷ್ಟು ವರ್ಷ ಯಾರೂ ಕೇಳಿಲ್ಲವಲ್ಲ. "ನಿಮಗ ಹ್ಯಾಂಗ ಅನುಕೂಲೋ ಹಾಂಗ ಮಾಡ್ರಿ" ಅನ್ನುತ್ತಾರೆ. ಅಷ್ಟಕ್ಕೇ ಬಿಡದೆ ಇನ್ನೊಮ್ಮೆ ಕೇಳಬೇಕು.

ಆ ಅಕ್ಕನ ಮನೆಯಲ್ಲಿ ಈಗ ಹಾಗೆ ಕೇಳಿದ್ದಾರೆ. ಅವರು ಸಮುದ್ರ ಅಂದರಂತೆ. ಹುಟ್ಟಿದಾಗಿನಿಂದ ಕೆರೆ, ಹಳ್ಳ, ಕಾರಂಜಾ ಜಲಾಶಯದ ಹಿನ್ನೀರು ಇಷ್ಟೇ ಕಂಡವರು. ದಸರೆಯ ಸೂಟಿಗೆ ಮಲ್ಪೆ ಎಂದು ಗೊತ್ತಾಗಿದೆ. ಕಲಬುರಗಿ, ವಿಜಯಪುರದ ಮೇಲೆ ಹೊಸಪೇಟೆಗೆ ಹೋಗಿ, ಹಂಪಿ ನೋಡಿಕೊಂಡು, ಅಲ್ಲಿಂದ ಬಸ್ಸು ಬದಲಿಸಿ ಘಟ್ಟ ಇಳಿಯುತ್ತಾರೆ. ಊಟ ದಾರಿಯ ಖಾನಾವಳಿಗಳಲ್ಲಿ. ಪೂರಾ ದಾರಿ ರಾಜ್ಯದೊಳಗೇ ಇರುವುದರಿಂದ ಕೆಂಪು ಬಸ್ಸಿನಲ್ಲಿ ಅವರಿಗೂ ಮಗಳಿಗೂ ಅತ್ತೆಗೂ ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಟಿಕೆಟ್ಟಿಗೆ ದುಡ್ಡು ಕೊಡಬೇಕಾದವರು ಗಂಡ ಮತ್ತು ಮಗ ಇಬ್ಬರೇ, ಅದನ್ನು ಅವರಿಬ್ಬರೂ ಈಗಿನಿಂದಲೇ ತೆಗೆದಿಡುತ್ತಿದ್ದಾರೆ.