ಜೋಡಿಕೊಳವೆಯ ಉಸಿರು

ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸ ನಮ್ಮವರಿಗೆ ಹೊಸದಲ್ಲ. ಅಂಚೆಚೀಟಿ, ನಾಣ್ಯ, ಗೋಡೆಗಡಿಯಾರ, ಗ್ರಾಮಫೋನು, ಓಲೆಗರಿ – ಇವುಗಳಲ್ಲಿ ಯಾವುದನ್ನು ಕೂಡಿಟ್ಟರೂ ಕೂಡಿಟ್ಟವನ ಪ್ರಾಣಕ್ಕೆ ಅಪಾಯವಿಲ್ಲ. ಗಡಿಯಾರ ನಿಂತರೆ ರೈಲು ತಪ್ಪೀತು. ಗ್ರಾಮಫೋನು ಕೆಟ್ಟರೆ ಹಾಡು ನಿಂತೀತು. ನಾನು ಇಂದು ಹೇಳಹೊರಟಿರುವ ವಸ್ತು ಅಂಥದಲ್ಲ. ಅದು ನಿಂತರೆ ಉಸಿರೇ ನಿಲ್ಲುತ್ತದೆ. ಆದರೂ ಅದನ್ನು ಹುಡುಕಿ ತಂದು, ತಿಕ್ಕಿ ಬೆಳಗಿ, ಗಾಜಿನ ಕಪಾಟಿನಲ್ಲಿ ಇಡುವುದಕ್ಕೆ ಬದಲಾಗಿ ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿಯುವ ಜನ ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್, ಆಸ್ಟ್ರೇಲಿಯಗಳಲ್ಲಿ ಇದ್ದಾರೆ. ಅವರಲ್ಲೊಬ್ಬ ನನ್ನ ತಂಗಿಯ ಮಗ. ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಈ ವಿಷಯಕ್ಕೆ ಕೈಹಾಕಲು ಅವನೇ ಕಾರಣ.

ವಸ್ತುವಿನ ಹೆಸರು ರೆಗ್ಯುಲೇಟರ್. ಈ ಹೆಸರು ನಮ್ಮ ಗೃಹಿಣಿಯರಿಗೆ ಚೆನ್ನಾಗಿ ಗೊತ್ತು. ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ತಲೆಯ ಮೇಲೆ ಕೂರುವುದೂ ರೆಗ್ಯುಲೇಟರೇ. ಒಳಗೆ ಒತ್ತಿ ತುಂಬಿದ ಅನಿಲವನ್ನು ಒಲೆಗೆ ಹದವಾಗಿ ಬಿಡುವುದು ಅದರ ಕೆಲಸ. ಸ್ಕೂಬಾ ಎಂದು ಕರೆಯುವ ಸಲಕರಣೆಯಲ್ಲಿಯೂ ಬೆನ್ನ ಮೇಲೊಂದು ಸಿಲಿಂಡರು, ಅದರಲ್ಲಿ ಸುಮಾರು 200 ವಾಯುಮಂಡಲಗಳಷ್ಟು ಒತ್ತಡದಲ್ಲಿ ಅಡಕವಾದ ಗಾಳಿ. ಅದನ್ನು ಹಾಗೆಯೇ ಬಾಯಿಗೆ ಬಿಟ್ಟರೆ ಶ್ವಾಸಕೋಶ ಒಡೆದುಹೋದೀತು. ತೀರ ಸಣ್ಣಗೆ ಬಿಟ್ಟರೂ ಸಾಲದು. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತ ಹೋಗುತ್ತದೆ; 20 ಮೀಟರ್ ಆಳದಲ್ಲಿ ಎದೆಯ ಮೇಲೆ ಬೀಳುವ ಒತ್ತಡ ದಡದಲ್ಲಿದ್ದುದರ ಮೂರು ಪಟ್ಟು. ಒಳಗಿನ ಗಾಳಿಯೂ ಅಷ್ಟೇ ಬಲದಿಂದ ಬರದಿದ್ದರೆ ಎದೆ ಹಿಗ್ಗುವುದೇ ಇಲ್ಲ. ಎಂದಮೇಲೆ, ಎಷ್ಟು ಆಳವೋ ಅಷ್ಟು ಒತ್ತಡದ ಗಾಳಿ, ಅದೂ ಕೇಳಿದಾಗ ಮಾತ್ರ, ಕೇಳಿದಷ್ಟೇ ಬರಬೇಕು. ಇಂಥ ವಿವೇಕವನ್ನು ಲೋಹಕ್ಕೂ ರಬ್ಬರಿಗೂ ಕಲಿಸುವುದು ಹೇಗೆ?

ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಜಲಸ್ತಂಭದ ಮಂತ್ರ ಗೊತ್ತಿತ್ತು. ಮಂತ್ರವಿಲ್ಲದವರು ಯಂತ್ರವನ್ನು ಹುಡುಕಬೇಕಾಯಿತು. 1860ರ ದಶಕದಲ್ಲಿ ಫ್ರಾನ್ಸಿನ ಗಣಿ ಎಂಜಿನಿಯರ್ ರೂಕೆರಾಲ್ ಎಂಬಾತ ನೌಕಾಪಡೆಯ ಅಧಿಕಾರಿ ಡೆನೆರೂಜ್ ಜೊತೆಗೂಡಿ ಉಸಿರೆಳೆದಾಗ ಮಾತ್ರ ಗಾಳಿ ಕೊಡುವ ಒಂದು ಉಪಕರಣವನ್ನು ಸಿದ್ಧಪಡಿಸಿದ. ಜೂಲ್ಸ್ ವರ್ನನ ಕಾದಂಬರಿಯಲ್ಲಿ ನಾಟಿಲಸ್ ನೌಕೆಯ ಜನ ಕಡಲತಳದಲ್ಲಿ ನಡೆದಾಡುವಾಗ ಈ ಇಬ್ಬರ ಹೆಸರೂ ಬರುತ್ತದೆ. ಅವರ ಊರಾದ ಎಸ್ಪಾಲಿಯೋನಿನಲ್ಲಿ ಇಂದು ಮುಳುಗುವಿದ್ಯೆಯದೇ ಒಂದು ವಸ್ತುಸಂಗ್ರಹಾಲಯವಿದೆ. ಆದರೆ ಗಾಳಿಯನ್ನು ಬಹಳ ಒತ್ತಡದಲ್ಲಿ ತುಂಬಿಡಬಲ್ಲ ಸಿಲಿಂಡರುಗಳು ಆಗ ಇರಲಿಲ್ಲ. ಕಲ್ಪನೆ ಮುಂದೆ ಹೋಯಿತು, ಕಮ್ಮಟ ಹಿಂದೆ ಉಳಿಯಿತು.

ಮುಂದಿನ ಹೆಜ್ಜೆ ಬಿದ್ದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಪೆಟ್ರೋಲಿನ ಬರಗಾಲದಿಂದ. ಜರ್ಮನರ ವಶವಾಗಿದ್ದ ಪ್ಯಾರಿಸಿನಲ್ಲಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರು, ಪೆಟ್ರೋಲಿಗೆ ಬದಲು ಅನಿಲದಿಂದ ಮೋಟಾರು ಓಡಿಸಲೆಂದು, ಎಂಜಿನು ಬೇಡಿದಷ್ಟೇ ಅನಿಲ ಬಿಡುವ ಕವಾಟವೊಂದನ್ನು ಮಾಡಿದ್ದ. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ಟೊ ಅವನಲ್ಲಿಗೆ ಬಂದು ತನ್ನ ಬೇಡಿಕೆ ಮುಂದಿಟ್ಟ. ಮೋಟಾರಿನ ಹಸಿವನ್ನು ಬಲ್ಲ ಕವಾಟ ಮನುಷ್ಯನ ಎದೆಯ ಹಸಿವನ್ನೂ ಕಲಿಯಬೇಕಾಯಿತು. ಅಡುಗೆಮನೆಯ ರೆಗ್ಯುಲೇಟರಿಗೂ ಇದಕ್ಕೂ ಇರುವುದು ಬರಿಯ ಹೆಸರಿನ ನೆಂಟಸ್ತಿಕೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಒಳಗಿನ ಏರ್ಪಾಟು ಸರಳ. ಒಂದು ದುಂಡನೆಯ ಹಿತ್ತಾಳೆಯ ಡಬ್ಬಿ, ಅದರ ನಡುವೆ ರಬ್ಬರಿನ ತೆಳುಪೊರೆ. ಪೊರೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ಮುಳುಗಿದವನು ಉಸಿರೆಳೆದಾಗ ಗಾಳಿಯ ಕಡೆಯ ಒತ್ತಡ ಕುಗ್ಗುತ್ತದೆ, ನೀರು ಪೊರೆಯನ್ನು ಒಳಕ್ಕೆ ತಳ್ಳುತ್ತದೆ, ಪೊರೆ ಒಂದು ಸನ್ನೆಕಡ್ಡಿಯನ್ನು ಅದುಮುತ್ತದೆ, ಕವಾಟ ತೆರೆಯುತ್ತದೆ. ಎರಡೂ ಬದಿ ಸಮವಾದೊಡನೆ ತಾನಾಗಿ ಮುಚ್ಚುತ್ತದೆ. ಆಳವನ್ನು ಅಳೆಯುವವರು ಯಾರೂ ಬೇಡ, ಸುತ್ತಲ ನೀರೇ ಅಳೆದುಕೊಡುತ್ತದೆ.

1943ರ ಜನವರಿಯ ಚಳಿಯಲ್ಲಿ ಕುಸ್ಟೊ ಪ್ಯಾರಿಸಿನ ಬಳಿಯ ಮಾರ್ನ್ ನದಿಗೆ ಇಳಿದ. ನೀರಿನಲ್ಲಿ ಅಡ್ಡವಾಗಿ ಈಜಿದಾಗ ಯಂತ್ರ ಸೊಗಸಾಗಿ ನಡೆಯಿತು. ನೆಟ್ಟಗೆ ನಿಂತೊಡನೆ ಗಾಳಿ ತಡೆಯಿಲ್ಲದೆ ಸೋರಿಹೋಯಿತು. ತಲೆಕೆಳಗಾದರೆ ಉಸಿರೇ ಸಿಗದು. ಕಾರಣ ಹುಡುಕಿದಾಗ ಸಿಕ್ಕಿದ್ದು ಕೆಲವೇ ಅಂಗುಲಗಳ ಅಂತರ. ಬಿಟ್ಟ ಉಸಿರು ಹೊರಹೋಗುವ ದಾರಿ ಒಂದು ಕಡೆ, ಪೊರೆ ಇನ್ನೊಂದು ಕಡೆ; ದೇಹ ತಿರುಗಿದಂತೆ ಒಂದು ಮೇಲೆ, ಒಂದು ಕೆಳಗೆ. ನೀರಿನಲ್ಲಿ ಅಂಗುಲಗಳಿಗೂ ಬೆಲೆಯುಂಟು. ಪರಿಹಾರವೆಂದರೆ, ಬಿಟ್ಟ ಉಸಿರನ್ನು ಇನ್ನೊಂದು ಕೊಳವೆಯ ಮೂಲಕ ಮತ್ತೆ ಬೆನ್ನ ಹಿಂದಕ್ಕೆ ಒಯ್ದು ಪೊರೆಯ ಪಕ್ಕದಲ್ಲಿಯೇ ಹೊರಬಿಡುವುದು. ಎಡಬಲ ಭುಜಗಳ ಮೇಲಿಂದ ಬಾಯಿಗೆ ಬರುವ ಆ ಸುಕ್ಕುಸುಕ್ಕಾದ ಎರಡು ಕೊಳವೆಗಳು ಅಲಂಕಾರಕ್ಕೆ ಹುಟ್ಟಿದವಲ್ಲ; ಮಾರ್ನ್ ನದಿಯಲ್ಲಿ ತಪ್ಪಿದ ಲೆಕ್ಕಕ್ಕೆ ಸಿಕ್ಕ ಉತ್ತರ ಅವು. ಅದೇ ವರ್ಷದ ಜೂನ್‌ನಲ್ಲಿ ಮೆಡಿಟರೇನಿಯನ್ ತೀರದ ಬಾಂಡೋಲಿನಲ್ಲಿ ಕುಸ್ಟೊ ಮೀನಿನಂತೆ ಹೊರಳಾಡಿ ಪರೀಕ್ಷಿಸಿದ. ಯಂತ್ರ ಗೆದ್ದಿತು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಫ್ರಾನ್ಸಿನಲ್ಲಿ 'ಮಿಸ್ಟ್ರಾಲ್', ಅಮೆರಿಕದಲ್ಲಿ 1958ರಲ್ಲಿ ಬಂದ 'ಡಿ.ಎ. ಅಕ್ವಾ ಮಾಸ್ಟರ್' ಮೊದಲಾದ ಮಾದರಿಗಳು ಮನೆಮಾತಾದವು. 1956ರಲ್ಲಿ ಕುಸ್ಟೊನ ಚಲನಚಿತ್ರಕ್ಕೆ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. ಅಮೆರಿಕದ ಹುಡುಗರು 'ಸೀ ಹಂಟ್' ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ ಜೋಡಿಕೊಳವೆಯ ನಾಯಕನನ್ನು ನೋಡಿ ಬೆಳೆದರು. ಇತ್ತ ಮೆಲ್ಬೋರ್ನಿನ ಟೆಡ್ ಎಲ್ಡ್ರೆಡ್ 1950ರ ದಶಕದ ಆರಂಭದಲ್ಲಿಯೇ ಪೊರೆಯನ್ನು ಬೆನ್ನಿನಿಂದ ಬಾಯಿಯ ಬಳಿಗೆ ತಂದು ಒಂದೇ ಕೊಳವೆಯಲ್ಲಿ ಕೆಲಸ ಮುಗಿಸಿದ್ದ. ಅದು ಅಗ್ಗ, ಹಗುರ, ಕಲಿಯಲು ಸುಲಭ. 1970ರ ದಶಕ ಕಳೆಯುವ ವೇಳೆಗೆ ಜೋಡಿಕೊಳವೆ ಅಂಗಡಿಗಳಿಂದ ಮರೆಯಾಗಿ ಅಟ್ಟ ಸೇರಿತು. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಈಗ ಮುಳುಗಲು ಹೋಗುವ ಯುವಕರ ಬಾಯಲ್ಲಿ ಇರುವುದು ಎಲ್ಡ್ರೆಡ್ ತೋರಿಸಿದ ದಾರಿಯ ಒಂಟಿಕೊಳವೆಯೇ.

ಅಟ್ಟ ಸೇರಿದ್ದನ್ನು ಇಳಿಸುವವರು ಸಂಗ್ರಹಕಾರರು. ನನ್ನ ಸೋದರಳಿಯನ ಬಳಿ ಇಂಥವು ಮೂರಿವೆ. ಒಂದನ್ನು ತೀರಿಹೋದ ಮುಳುಗುಗಾರನೊಬ್ಬನ ಮನೆಯವರು ಹಳೆಯ ಸಾಮಾನಿನ ಜೊತೆ ಮಾರಿದ್ದು. ಒಳಗೆ ಕಿಲುಬು, ಒಣಗಿದ ಉಪ್ಪು. ಬಿಚ್ಚಿ, ಹಿತ್ತಾಳೆಯ ಭಾಗಗಳನ್ನು ನೀರು ಬೆರೆಸಿದ ವಿನಿಗರಿನಲ್ಲಿ ನೆನೆಸಿ ತೊಳೆದನಂತೆ. ಹುಣಿಸೆಹಣ್ಣು ಹಾಕಿ ದೇವರ ಪಾತ್ರೆ ಬೆಳಗುವ ಅವನ ಅಜ್ಜಿಯ ನೆನಪಾಗಿ ನಕ್ಕೆ. ಹುಳಿಯ ಗುಣ ಎಲ್ಲ ಖಂಡಗಳಲ್ಲಿಯೂ ಒಂದೇ.

ಲೋಹ ಹೀಗೆ ಬದುಕುತ್ತದೆ. ರಬ್ಬರು ಬದುಕುವುದಿಲ್ಲ. ಕೊಳವೆಯನ್ನು ಎಳೆದು ಬೆಳಕಿಗೆ ಹಿಡಿದರೆ ಸುಕ್ಕುಗಳ ಸಂದಿಯಲ್ಲಿ ಕೂದಲೆಳೆಯ ಬಿರುಕುಗಳು ಕಾಣುತ್ತವೆ. ಪೊರೆ ಗಟ್ಟಿಯಾಗಿ ಹಪ್ಪಳವಾಗಿರುತ್ತದೆ. ಬಿಟ್ಟ ಉಸಿರು ಹೋಗುವ ಕಡೆ ಬಾತುಕೋಳಿಯ ಕೊಕ್ಕಿನ ಆಕಾರದ ರಬ್ಬರಿನ ಕವಾಟವೊಂದಿದೆ. ಅದರ ತುಟಿಗಳು ಅಂಟಿಕೊಂಡಿರುತ್ತವೆ, ಇಲ್ಲವೆ ಬಾಯಿಬಿಟ್ಟಿರುತ್ತವೆ. ಸಂಗ್ರಹಕಾರರಲ್ಲಿ ಜಗಳ ಹುಟ್ಟುವುದು ಇಲ್ಲಿಯೇ. ಹುಟ್ಟಿದಾಗ ಇದ್ದ ಭಾಗಗಳೇ ಇರಬೇಕು, ಒಂದು ತಿರುಪನ್ನೂ ಬದಲಿಸಕೂಡದು, ಇಲ್ಲದಿದ್ದರೆ ಅದು ಮೂಲವಲ್ಲ ಎನ್ನುವವರು ಒಂದು ಪಂಗಡ. ಉಸಿರಾಡದ ಯಂತ್ರ ಯಂತ್ರವೇ ಅಲ್ಲ, ಸಿಲಿಕೋನಿನ ಹೊಸ ಪೊರೆ, ಹೊಸ ಕೊಳವೆ ಹಾಕಿ ನೀರಿಗಿಳಿಸಬೇಕು ಎನ್ನುವವರು ಇನ್ನೊಂದು ಪಂಗಡ. ಇವರಿಗಾಗಿಯೇ ಬಿಡಿಭಾಗಗಳನ್ನು ಹೊಸದಾಗಿ ಅಚ್ಚುಹಾಕಿ ಮಾರುವವರೂ ಇದ್ದಾರೆ.

ಈ ಜಗಳ ನನಗೆ ಪರಿಚಿತವೆನಿಸಿತು. ಗ್ರಂಥಸಂಪಾದನೆಯ ಪಾಠ ಹೇಳುತ್ತಿದ್ದಾಗ ಇದೇ ಪ್ರಶ್ನೆಯನ್ನು ವರ್ಷ ವರ್ಷವೂ ಎದುರಿಸಿದ್ದೇನೆ. ಓಲೆಯಲ್ಲಿ ಲಿಪಿಕಾರನ ಕೈತಪ್ಪು ಎದ್ದು ಕಾಣುತ್ತದೆ. ತಿದ್ದಬೇಕೆ, ಇದ್ದಂತೆ ಬಿಡಬೇಕೆ? ಓಲೆಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಕಪಾಟಿನಲ್ಲಿ ಕಾಪಾಡುವವನು ಮಾಡುವುದು ಸಣ್ಣ ಕೆಲಸವಲ್ಲ. ಆದರೆ ಅದನ್ನು ಓದುವವನೊಬ್ಬ ಇಲ್ಲದಿದ್ದರೆ ಅದು ಗೀರಿದ ತಾಳೆಗರಿ ಅಷ್ಟೆ. ಓದುವುದಕ್ಕಾಗಿ ತಿದ್ದಲಿ, ತಿದ್ದಿದ್ದನ್ನು ಅಡಿಯಲ್ಲಿ ಬರೆದಿಡಲಿ ಎಂಬುದು ನಮ್ಮ ಹಿರಿಯರ ಪದ್ಧತಿ. ನನ್ನ ಒಲವು ಎರಡನೆಯ ಪಂಗಡದ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ.

ಹಾಗೆ ಒಲಿಯಲು ಇನ್ನೊಂದು ಕಾರಣವುಂಟು. ಎರಡು ವರ್ಷದ ಹಿಂದೆ ತಂಗಿಯೊಡನೆ ಫ್ಲಾರಿಡಾಕ್ಕೆ ಹೋಗಿದ್ದಾಗ ಅಲ್ಲಿನ ಚಿಲುಮೆಯೊಂದರ ದಡದಲ್ಲಿ ಕುಳಿತು ಅವನು ಮುಳುಗುವುದನ್ನು ನೋಡಿದೆ. ಸುಣ್ಣಕಲ್ಲಿನ ನೆಲದಿಂದ ಉಕ್ಕುವ ನೀರು. ತಳದ ಮರಳು ಕೂಡ ಕಾಣುವಷ್ಟು ತಿಳಿ. ಮೇಲೆ ಬಂದವನನ್ನು, "ಹೊಸತರಲ್ಲಿ ಇಲ್ಲದ್ದು ಇದರಲ್ಲಿ ಏನಿದೆಯೋ?" ಎಂದು ಕೇಳಿದೆ.

"ಮಾವ, ಹೊಸತು ನನ್ನ ಭಂಗಿಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಇದು ಲೆಕ್ಕಿಸುತ್ತದೆ" ಎಂದ.

ಅವನು ವಿವರಿಸಿದ್ದು ಹೀಗೆ. ಬೋರಲಾಗಿ ಈಜುವಾಗ ಬೆನ್ನ ಮೇಲಿನ ಡಬ್ಬಿ ಶ್ವಾಸಕೋಶಕ್ಕಿಂತ ಕೆಲವು ಅಂಗುಲ ಮೇಲಿರುತ್ತದೆ. ಅಲ್ಲಿ ಒತ್ತಡ ಒಂದಿಷ್ಟು ಕಡಿಮೆ, ಹಾಗಾಗಿ ಉಸಿರನ್ನು ತುಸು ಬಲವಾಗಿ ಎಳೆಯಬೇಕು. ಅಂಗಾತನಾದೊಡನೆ ಡಬ್ಬಿ ಕೆಳಗಾಗಿ ಗಾಳಿ ತಾನಾಗಿ ಎದೆಗೆ ನುಗ್ಗುತ್ತದೆ. ಬಾಯಲ್ಲಿ ಕಚ್ಚಿದ ತುದಿ ಜಾರಿದರೆ ಅದು ಮೇಲೆ ತೇಲಿ ಗಾಳಿ ಭೋರ್ಗರೆದು ಹೊರಡುತ್ತದೆ. ಹೆದರದೆ ಮಗುಚಿ ಬೆನ್ನಮೇಲಾಗಿ, ಗುಳ್ಳೆಗಳ ಬುಡಕ್ಕೆ ಕೈಚಾಚಿ ಹಿಡಿಯಬೇಕು. ಕೊಳವೆಗೆ ನೀರು ಹೊಕ್ಕರೆ ಎಡಮಗ್ಗುಲಿಗೆ ಉರುಳಿ ಊದಬೇಕು, ನಿಶ್ವಾಸದ ಕೊಳವೆ ಎಡಭುಜದ್ದಾದ್ದರಿಂದ. ಕುಸ್ಟೊನನ್ನು ಮಾರ್ನ್ ನದಿಯಲ್ಲಿ ಕಾಡಿದ ಆ ಕೆಲವು ಅಂಗುಲಗಳನ್ನು ನಾನು ಪುಸ್ತಕದಲ್ಲಿ ಓದಿ ತಿಳಿದೆ. ಅವನು ಎದೆಯಿಂದ ಓದಿದ್ದ. ಜೊತೆಗೊಂದು ಸುಖವೂ ಉಂಟು. ಗುಳ್ಳೆಗಳು ಕತ್ತಿನ ಹಿಂದಿನಿಂದ ಏಳುವುದರಿಂದ ಮುಖದ ಮುಂದೆ ಗದ್ದಲವಿಲ್ಲ. ನೀರೊಳಗೆ ಫೋಟೊ ತೆಗೆಯುವವರು ಜೋಡಿಕೊಳವೆಯನ್ನು ಮೆಚ್ಚಲು ಇದೂ ಒಂದು ಕಾರಣ.

ನನ್ನ ತಂಗಿ ಇದಾವುದಕ್ಕೂ ಒಲಿಯಲಿಲ್ಲ. "ಅಣ್ಣಾ, ನೀನೂ ಅವನ ಕಡೆಗೇ ಸೇರಬೇಡ. ನಿನ್ನ ಓಲೆಗರಿ ಹರಿದರೆ ಒಂದು ಪದ್ಯ ಹೋಗುತ್ತದೆ. ಅವನ ರಬ್ಬರು ಹರಿದರೆ?" ಎಂದಳು. ಈ ಮಾತಿಗೆ ನನ್ನ ಉಪಮೆ ನಿಲ್ಲುವುದಿಲ್ಲ.

ಆದ್ದರಿಂದ ಅಪಾಯಗಳನ್ನು ಹೇಳದೆ ಈ ಹವ್ಯಾಸವನ್ನು ಹೊಗಳುವುದು ತರವಲ್ಲ. ಹಳೆಯ ಜೋಡಿಕೊಳವೆಗಳಲ್ಲಿ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆಯೆಂದು ತೋರಿಸುವ ಮಾಪಕಕ್ಕೆ ಸಾಮಾನ್ಯವಾಗಿ ಜಾಗವೇ ಇರಲಿಲ್ಲ. ಗಾಳಿ ತಳಕಂಡಾಗ ಉಸಿರು ಬಿಗಿಯುತ್ತಿತ್ತು. ಆಗ ಸಿಲಿಂಡರಿನ ಪಕ್ಕದ ಕಂಬಿಯೊಂದನ್ನು ಎಳೆದರೆ ಕಾದಿಟ್ಟ ಪಾಲು ಬಿಡುಗಡೆಯಾಗುತ್ತಿತ್ತು. ಆ ಕಂಬಿ ಎಲ್ಲಿಯೋ ತಗುಲಿ ಮೊದಲೇ ಎಳೆದುಹೋಗಿದ್ದರೆ ಕಾದಿಟ್ಟದ್ದೆಂಬುದು ಬರಿಯ ನಂಬಿಕೆ. ಜೊತೆಗಾರನಿಗೆ ಕೊಡಲು ಎರಡನೆಯ ಬಾಯಿಯೂ ಇಲ್ಲ. ಅಮೆರಿಕದಲ್ಲಿ ಸಿಲಿಂಡರನ್ನು 5 ವರ್ಷಕ್ಕೊಮ್ಮೆ ನೀರಿನ ಒತ್ತಡದಲ್ಲಿ ಪರೀಕ್ಷಿಸಬೇಕೆಂಬ ಕಟ್ಟಳೆಯಿದೆ; ಅದರ ಮೇಲೆ ಕೂರುವ ರೆಗ್ಯುಲೇಟರಿನ ಯೋಗಕ್ಷೇಮ ಅದರ ಒಡೆಯನ ಆತ್ಮಸಾಕ್ಷಿಗೆ ಬಿಟ್ಟದ್ದು. ಹಳೆಯ ರಬ್ಬರನ್ನು 'ಮೂಲ'ವೆಂಬ ಹೆಮ್ಮೆಯಿಂದ ಹಾಗೆಯೇ ಕಟ್ಟಿಕೊಂಡು ಆಳಕ್ಕೆ ಇಳಿಯುವವರನ್ನು ನಾನು ರಸಿಕರೆನ್ನಲಾರೆ. ಅದು ಅವಿವೇಕ.

ನನ್ನ ಸೋದರಳಿಯ ಮಾಪಕವನ್ನು ಸೇರಿಸಿಕೊಂಡಿದ್ದಾನೆ. ಬೇರೆಯದೇ ಒಂದು ಪುಟ್ಟ ಸಿಲಿಂಡರು, ಅದಕ್ಕೊಂದು ಹೊಸ ಕಾಲದ ರೆಗ್ಯುಲೇಟರು ಸದಾ ಪಕ್ಕದಲ್ಲಿರುತ್ತದೆ. ಇಳಿಯುವ ಹಿಂದಿನ ಸಂಜೆ ಸಿಲಿಂಡರನ್ನು ಮುಚ್ಚಿಟ್ಟು ಕೊಳವೆಯಿಂದ ಉಸಿರೆಳೆದು ನೋಡುತ್ತಾನೆ. ಗಾಳಿ ಬರಬಾರದು, ಬಂದರೆ ಎಲ್ಲಿಯೋ ಬಿರುಕಿದೆ ಎಂದರ್ಥ, ಮರುದಿನದ ಪ್ರಯಾಣ ರದ್ದು. ಮೂರು ಯಂತ್ರಗಳಿಗೂ ಒಂದು ದಪ್ಪ ನೋಟುಪುಸ್ತಕವಿದೆ. ಯಾವ ಭಾಗ ಮೂಲದ್ದು, ಯಾವುದು ಹೊಸದು, ಎಂದು ಹಾಕಿದ್ದು, ಏಕೆ ಹಾಕಿದ್ದು – ಎಲ್ಲವನ್ನೂ ಅದರಲ್ಲಿ ಬರೆದಿದ್ದಾನೆ. ಪಾಠಾಂತರಗಳನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದ ವಿದ್ಯಾರ್ಥಿಗಳು ನನಗೆ ಹೆಚ್ಚು ಸಿಕ್ಕಿರಲಿಲ್ಲ.

ತಂಗಿ ಆ ಪುಸ್ತಕವನ್ನು ಪೂರ್ತಿ ಓದಿದಳು, ಏನೂ ಹೇಳಲಿಲ್ಲ. ಊರಿಗೆ ಮರಳಿದ ಮೇಲೆ ನೋಡುತ್ತೇನೆ, ಅವಳ ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಏಕಾದಶಿ ಸಂಕಷ್ಟಿಗಳ ನಡುವೆ ಒಂದು ತಾರೀಖಿಗೆ ಕೆಂಪು ಶಾಯಿಯ ಸುತ್ತು ಬಿದ್ದಿದೆ, ಪಕ್ಕದಲ್ಲಿ 'ಪೊರೆ' ಎಂದು ಬರೆದಿದೆ. ಅದನ್ನು ಬದಲಿಸಬೇಕಾದ ದಿನ ಅದು. ಆ ದಿನ ಅವಳು ಅಮೆರಿಕಕ್ಕೆ ಫೋನು ಮಾಡುತ್ತಾಳೆ.