ಪರದೆ ಬದಲಾದರೆ ಪರದೇಶಿಯಾಗಬೇಕೆ?

(ಪೀಣ್ಯದಲ್ಲಿ ಕನ್ನಡದ ಯುವಕ ಯುವತಿಯರ ಮುಂದೆ ಆಡಿದ ಮಾತುಗಳು)



ಪೀಣ್ಯದ ಶೆಡ್ಡುಗಳಲ್ಲಿ ಲೆಕ್ಕ ಬರೆಯುವವರು, ಬಿಲ್ಲು ಹಾಕುವವರು, ಸ್ಟೋರು ನೋಡಿಕೊಳ್ಳುವವರು ಇಲ್ಲಿ ಬಹಳ ಮಂದಿ ಇದ್ದೀರಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಿಂದಲೂ ಬಂದಿದ್ದೀರಿ. ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ವರ್ಷಗಟ್ಟಲೆ ಬೆರಳಿಗೆ ರೂಢಿಯಾದ ಸಾಫ್ಟ್‌ವೇರ್ ಒಂದು ಬೆಳಿಗ್ಗೆ ಬೇರೆ ಮುಖ ಹೊತ್ತು ಎದುರು ನಿಂತರೆ ಏನು ಮಾಡುತ್ತೀರಿ?

ಇದು ಬರೀ ಊಹೆಯ ಪ್ರಶ್ನೆ ಅಲ್ಲ. 2007ರಲ್ಲಿ ಮೈಕ್ರೋಸಾಫ್ಟ್ ಕಂಪನಿ ವರ್ಡ್, ಎಕ್ಸೆಲ್‌ಗಳ ಮೇಲಿದ್ದ ಫೈಲ್, ಎಡಿಟ್ ಪಟ್ಟಿಯನ್ನೇ ಕಿತ್ತುಹಾಕಿ 'ರಿಬ್ಬನ್' ತಂದಿತು. ಪ್ರಿಂಟ್ ಕೊಡುವ ದಾರಿ ಮೂಲೆಯ ಒಂದು ದುಂಡು ಗುಂಡಿಯೊಳಗೆ ಅಡಗಿತು. ಆ ಗುಂಡಿಯ ಮೇಲೆ ಹೆಸರೇ ಇರಲಿಲ್ಲ! ದೊಡ್ಡ ದೊಡ್ಡ ಆಫೀಸಿನವರೂ ತಡಕಾಡಿದರು. 2010ರ ಆವೃತ್ತಿಯಲ್ಲಿ 'ಫೈಲ್' ಎಂಬ ಹೆಸರು ಮತ್ತೆ ಬಂತು. ಆದರೆ ಕಂಟ್ರೋಲ್ ಪಿ ಒತ್ತಲು ಕಲಿತವನಿಗೆ ಅವತ್ತೂ ಪ್ರಿಂಟ್ ಸಿಕ್ಕಿತು, ಇವತ್ತೂ ಸಿಗುತ್ತದೆ.

ಈಗ ನಮ್ಮೂರಿನ ಕಥೆಗೆ ಬನ್ನಿ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದು. 1986ರಲ್ಲಿ ಶುರುವಾದದ್ದು. ಸಣ್ಣ ಕೈಗಾರಿಕೆಯ ಲೆಕ್ಕ ಎಂದರೆ ಟ್ಯಾಲಿ ಎನ್ನುವಷ್ಟು ಅದು ಬೇರೂರಿದೆ. 2009ರಲ್ಲಿ ಬಂದ ಟ್ಯಾಲಿ ಇಆರ್‌ಪಿ 9 ನಮ್ಮ ಹುಡುಗರಿಗೆ ಬಾಯಿಪಾಠವಾಗಿತ್ತು. 2020ರ ನವೆಂಬರಿನಲ್ಲಿ ಅದರ ಜಾಗಕ್ಕೆ ಟ್ಯಾಲಿಪ್ರೈಮ್ ಬಂತು. ಹೊಸ ಲೆಡ್ಜರ್ ತೆರೆಯಲು ಮೊದಲು 'ಅಕೌಂಟ್ಸ್ ಇನ್ಫೋ'ಗೆ ಹೋಗಬೇಕಿತ್ತು. ಈಗ ನೇರವಾಗಿ 'ಕ್ರಿಯೇಟ್'. ಕ್ರೆಡಿಟ್ ನೋಟಿಗೆ ಮೊದಲು ಕಂಟ್ರೋಲ್ ಎಫ್ 8, ಈಗ ಆಲ್ಟ್ ಎಫ್ 6.

ಅಷ್ಟಕ್ಕೇ "ನನಗೆ ಹೊಸದು ಬರುವುದಿಲ್ಲ ಸಾರ್" ಎಂದು ಇಂಟರ್‌ವ್ಯೂನಿಂದ ಎದ್ದು ಬರುವ ಹುಡುಗರಿದ್ದಾರೆ. ತಮ್ಮಂದಿರೇ, ಏನು ಬದಲಾಗಿಲ್ಲ ಎಂಬುದನ್ನು ಮೊದಲು ನೋಡಿ. ಪೇಮೆಂಟ್ ಎಫ್ 5, ರಸೀದಿ ಎಫ್ 6, ಜರ್ನಲ್ ಎಫ್ 7, ಮಾರಾಟ ಎಫ್ 8, ಖರೀದಿ ಎಫ್ 9. ಎಲ್ಲವೂ ಇದ್ದಲ್ಲೇ ಇವೆ. ಡೆಬಿಟ್ ಡೆಬಿಟ್ಟೇ, ಕ್ರೆಡಿಟ್ ಕ್ರೆಡಿಟ್ಟೇ. ದಾರಿ ತಪ್ಪಿದರೆ ಆಲ್ಟ್ ಜಿ ಒತ್ತಿ, ಬೇಕಾದ್ದರ ಹೆಸರಿನ ನಾಲ್ಕು ಅಕ್ಷರ ಟೈಪ್ ಮಾಡಿ. ಅದೇ ಕರೆದುಕೊಂಡು ಹೋಗುತ್ತದೆ. ಹೊಸ ಎಕ್ಸೆಲ್‌ನಲ್ಲಿ ಇದೇ ಕೆಲಸಕ್ಕೆ ಆಲ್ಟ್ ಕ್ಯೂ ಇದೆ.

ಗುಂಡಿ ಎಲ್ಲಿದೆ ಎಂದಷ್ಟೇ ಕಲಿತವನು ಗುಂಡಿ ಸರಿದ ದಿನ ಅನಾಥ. ಗುಂಡಿ ಯಾಕಿದೆ ಎಂದು ಕಲಿತವನಿಗೆ ಯಾವ ಪರದೆಯೂ ಪರಕೀಯವಲ್ಲ. ಆ 'ಯಾಕೆ' ತಲೆಗೆ ಹತ್ತುವುದು ಯಾವ ಭಾಷೆಯಲ್ಲಿ? ನಮ್ಮ ತಾಯ್ನುಡಿಯಲ್ಲಿ! ಅರ್ಥವಾಗದ ಇಂಗ್ಲಿಷ್ ಪದವನ್ನು ಚಿತ್ರದ ಹಾಗೆ ಗುರುತಿಟ್ಟುಕೊಂಡರೆ ಚಿತ್ರ ಬದಲಾದಾಗ ಕೈ ನಿಲ್ಲುತ್ತದೆ.

ಇಲ್ಲೇ ಇದೆ ನಾನು ಹೇಳಬೇಕಾದ ಮುಖ್ಯ ಮಾತು. ಹಳೆಯ ಟ್ಯಾಲಿಯಲ್ಲಿ ಆಲ್ಟ್ ಜಿ ಯಾವುದರ ಕೀಲಿಯಾಗಿತ್ತು ಗೊತ್ತೇ? ಭಾಷೆಯದು! ಅದನ್ನು ಒತ್ತಿ ಕನ್ನಡ ಆರಿಸಿಕೊಂಡಿದ್ದರೆ ಪರದೆಯೇ ಕನ್ನಡವಾಗುತ್ತಿತ್ತು. ಎಷ್ಟು ಜನ ಒತ್ತಿದ್ದಿರಿ? ಕೈ ಎತ್ತಿ ನೋಡೋಣ! ಈಗ ಟ್ಯಾಲಿಪ್ರೈಮ್‌ನಲ್ಲಿ ಪರದೆಯ ಭಾಷೆಗೆ ಕಂಟ್ರೋಲ್ ಕೆ. ಕೀಲಿ ಸರಿದಿದೆ, ಕನ್ನಡ ಉಳಿದಿದೆ. ಮೈಕ್ರೋಸಾಫ್ಟ್ ಆಫೀಸಿಗೂ ಕನ್ನಡದ ಭಾಷಾ ಪ್ಯಾಕ್ ಇದೆ. ಕಾಸಿಲ್ಲದೆ ಸಿಗುವ ಲಿಬ್ರೆಆಫೀಸ್ ಕನ್ನಡದಲ್ಲೂ ಬರುತ್ತದೆ. ಅದರಲ್ಲಿ ಹಳೆಯ ಪಟ್ಟಿ ಬೇಕೋ ಹೊಸ ಪಟ್ಟಿ ಬೇಕೋ ನೀವೇ ಆರಿಸಿಕೊಳ್ಳಬಹುದು.

"ಕನ್ನಡದಲ್ಲಿ ಪದಗಳು ವಿಚಿತ್ರವಾಗಿರುತ್ತವೆ" ಎನ್ನುತ್ತೀರಿ. ವಿಚಿತ್ರವೇ? ಜಮಾ, ಖರ್ಚು, ಕಿರ್ದಿ, ಖಾತೆ, ಉದ್ರಿ ಇವೆಲ್ಲ ನಮ್ಮ ಅಂಗಡಿಗಳ, ಸಹಕಾರ ಸಂಘಗಳ ಮಾತು. ಕಂಪ್ಯೂಟರ್ ಬರುವ ಮೊದಲೇ ನಮ್ಮ ಹಿರಿಯರು ಕನ್ನಡದಲ್ಲಿ ಲೆಕ್ಕ ತಾಳೆ ಹಾಕುತ್ತಿದ್ದರು. ಅನುವಾದ ಎಲ್ಲಾದರೂ ಕೆಟ್ಟಿದ್ದರೆ ಕಂಪನಿಗೆ ಬರೆದು ತಿದ್ದಿಸಿ. ಬಳಸದೆ ಬಿಟ್ಟರೆ "ಕನ್ನಡಕ್ಕೆ ಗಿರಾಕಿಯೇ ಇಲ್ಲ" ಎಂದು ನಾಳೆ ತೆಗೆದೇ ಹಾಕುತ್ತಾರೆ. ಆಗ ಬೀದಿಗಿಳಿದು ಕೂಗಿದರೆ ಏನು ಬಂತು?

ಹೊಸ ಆವೃತ್ತಿ ಬಂದ ದಿನ ಮ್ಯಾನೇಜರೂ ಗುಮಾಸ್ತನೂ ಒಂದೇ ಬೆಂಚಿನ ವಿದ್ಯಾರ್ಥಿಗಳು. ಎಲ್ಲರೂ ಅ ಆ ಇ ಈ ಇಂದ ಶುರು ಮಾಡುವ ಆ ದಿನವೇ ಕನ್ನಡದಲ್ಲಿ ಶುರು ಮಾಡಲು ಸರಿಯಾದ ಮುಹೂರ್ತ. ತರಬೇತಿ ಕೊಡುವವರು ಬಂದರೆ "ಕನ್ನಡದಲ್ಲಿ ಹೇಳಿಕೊಡಿ" ಎಂದು ಎದ್ದು ನಿಂತು ಕೇಳಿ. ಕಲಿತವರು ಪಕ್ಕದ ಶೆಡ್ಡಿನ ಇಬ್ಬರಿಗೆ ಕಲಿಸಿ. ನಾಳೆ ಕೆಲಸಕ್ಕೆ ಹೋದ ಕೂಡಲೇ ಒಮ್ಮೆ ಕಂಟ್ರೋಲ್ ಕೆ ಒತ್ತಿ ನೋಡಿ. ನಿಮ್ಮ ಭಾಷೆ ನಿಮಗಾಗಿ ಅಲ್ಲೇ ಕಾದು ಕುಳಿತಿದೆ.

ಸಿರಿಗನ್ನಡಂ ಗೆಲ್ಗೆ!