ಬದಲಾಗದ ಕಾರಿನ ಬದಲಾವಣೆಗಳು

(ಉಪನ್ಯಾಸವೊಂದರ ಪಾಠ)



ಕಾರಿನ ಚರಿತ್ರೆಗೂ ಸಂಸ್ಕೃತಿಗೂ ಏನು ಸಂಬಂಧ ಎಂಬ ಪ್ರಶ್ನೆ ತಮ್ಮಲ್ಲಿ ಕೆಲವರಿಗಾದರೂ ಬಂದಿರಬಹುದು. ಒಂದು ವಸ್ತುವನ್ನು ಮೂರು ತಲೆಮಾರುಗಳ ಕಾಲ ಒಂದೇ ಊರಿನಲ್ಲಿ, ಬಹುಮಟ್ಟಿಗೆ ಕೈಕೆಲಸದಿಂದಲೇ ತಯಾರಿಸುತ್ತ ಬಂದಾಗ, ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟುಕೊಟ್ಟರು, ಯಾವ ಒತ್ತಡಕ್ಕೆ ಬಿಟ್ಟುಕೊಟ್ಟರು ಎಂಬುದು ಸಂಸ್ಕೃತಿಯ ವಿಷಯವೇ ಆಗುತ್ತದೆ. ಇಂಗ್ಲೆಂಡಿನ ಮಾರ್ಗನ್ ಕಾರು ಇದಕ್ಕೆ ಒಳ್ಳೆಯ ನಿದರ್ಶನ.

ಮಾಲ್ವರ್ನ್ ಎಂಬುದು ವೂಸ್ಟರ್‌ಶೈರ್ ಪ್ರಾಂತದ ಬೆಟ್ಟದ ತಪ್ಪಲಿನ ಊರು. ಅಲ್ಲಿ ಎಚ್.ಎಫ್.ಎಸ್. ಮಾರ್ಗನ್ ಅವರು 1909ರಲ್ಲಿ ಮೂರು ಚಕ್ರದ ಹಗುರವಾದ ಬಂಡಿಯೊಂದನ್ನು ಕಟ್ಟಿದರು. 1936ರಲ್ಲಿ ನಾಲ್ಕು ಸಿಲಿಂಡರು, ನಾಲ್ಕು ಚಕ್ರದ ಮೊದಲ ಕಾರು ಬಂತು. ಹೆಸರೂ ಹಾಗೆಯೇ: ಫೋರ್-ಫೋರ್. ಉದ್ದನೆಯ ಬಾನೆಟ್, ಅಲೆಯಂತೆ ಇಳಿಯುವ ಮಡ್‌ಗಾರ್ಡ್, ಮೊಣಕೈ ಊರುವಷ್ಟು ತಗ್ಗಾದ ಬಾಗಿಲು. 1950ರ ದಶಕದ ಕಾರನ್ನೂ 2018ರ ಕಾರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಅಣ್ಣತಮ್ಮಂದಿರೆಂದು ಯಾರಾದರೂ ಹೇಳಿಯಾರು. ಹೀಗಾಗಿ ‘ಮಾರ್ಗನ್ ಬದಲಾಗದ ಕಾರು’ ಎಂಬ ಮಾತು ಪ್ರಚಾರದಲ್ಲಿದೆ. ಆದರೆ ಬಾನೆಟ್ ಎತ್ತಿ ನೋಡಿದರೆ ಒಂದರ ಎಂಜಿನ್ನಿನ ಭಾಗ ಇನ್ನೊಂದಕ್ಕೆ ಹೊಂದುವುದಿಲ್ಲ. ಈ ವೈಚಿತ್ರ್ಯಕ್ಕೆ ಕಾರಣವೇನು?

ಮೊದಲು ಈ ಕಾರನ್ನು ಕಟ್ಟುವ ಬಗೆಯನ್ನು ನೋಡೋಣ. ಮಾರ್ಗನ್ನಿನ ಚಾಸಿ ಮರದ್ದು ಎಂದು ಅನೇಕರು ನಂಬಿದ್ದಾರೆ. ಅದು ತಪ್ಪು. ಚಾಸಿ ಬಹುಕಾಲ ಉಕ್ಕಿನದಾಗಿತ್ತು. ಅದರ ಮೇಲೆ ಕೂರುವ ಮೈಕಟ್ಟಿನ ಚೌಕಟ್ಟು ಮಾತ್ರ ಆಶ್ ಮರದ್ದು. ಬಡಗಿಗಳು ಮರವನ್ನು ಬಾಗಿಸಿ, ಅಂಟಿಸಿ, ಜೋಡಿಸುತ್ತಾರೆ. ತಗಡು ಕೆಲಸದವರು ಅದರ ಮೇಲೆ ಲೋಹದ ಹಾಳೆ ಹೊದಿಸುತ್ತಾರೆ. ಅರೆಬರೆ ಸಿದ್ಧವಾದ ಕಾರನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಕೈಯಿಂದಲೇ ತಳ್ಳಿಕೊಂಡು ಹೋಗುತ್ತಾರೆ.

ದೊಡ್ಡ ಕಂಪನಿಯ ರೀತಿ ಬೇರೆ. ಅಲ್ಲಿ ಬಾಗಿಲು, ಬಾನೆಟ್ ಎಲ್ಲವನ್ನೂ ಭಾರಿ ಒತ್ತುಯಂತ್ರದಲ್ಲಿ ಅಚ್ಚಿನಿಂದ ಒತ್ತಿ ತೆಗೆಯುತ್ತಾರೆ. ಅಚ್ಚಿನ ವೆಚ್ಚ ವಿಪರೀತವಾದರೂ ಲಕ್ಷಗಟ್ಟಲೆ ಕಾರುಗಳ ಮೇಲೆ ಹಂಚಿದಾಗ ಒಂದೊಂದಕ್ಕೆ ಬೀಳುವುದು ಅಲ್ಪ. ಆದ್ದರಿಂದ ಅವರು ಬದಲಾವಣೆಗಳನ್ನು ಕೂಡಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ‘ಹೊಸ ಮಾಡೆಲ್’ ಎಂದು ಒಟ್ಟಿಗೆ ಹೊರತರುತ್ತಾರೆ. ವರ್ಷಕ್ಕೆ ಕೆಲವು ನೂರು ಕಾರು ಮಾಡುವವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಅವರ ಬದಲಾವಣೆ ನಡೆನಡೆಯುತ್ತಲೇ ಆಗಬೇಕು. ಈ ಕಾರಿಗೆ ಹಳೆಯ ಭಾಗ, ಅದರ ಹಿಂದಿನದಕ್ಕೆ ಹೊಸದು. ನಮ್ಮ ಅಂಬಾಸಿಡರನ್ನು ಕಂಡವರಿಗೆ ಇದು ತೀರ ಅಪರಿಚಿತವಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂಲದ ಆ ಕಾರೂ 2014ರಲ್ಲಿ ನಿಲ್ಲುವವರೆಗೆ ಹೆಚ್ಚುಕಡಿಮೆ ಅದೇ ಮೈಯನ್ನಿಟ್ಟುಕೊಂಡು ಒಳಗೊಳಗೇ ಬದಲಾಯಿತು.

ಇಲ್ಲೊಂದು ವಿಪರ್ಯಾಸವಿದೆ. ಮೈಕಟ್ಟು ಮಾರ್ಗನ್ನರ ಕೈಯಲ್ಲೇ ಇತ್ತು. ಬಡಗಿಯ ಅಳತೆಪಟ್ಟಿಯನ್ನು ಅರ್ಧ ಅಂಗುಲ ಸರಿಸಿದರೆ ಬಾಗಿಲಿನ ಆಕಾರ ಬದಲಾಗುತ್ತಿತ್ತು. ಅಷ್ಟು ಸುಲಭವಾಗಿದ್ದರೂ ಅದನ್ನು ಅವರು ಬಹುಕಾಲ ಮುಟ್ಟಲಿಲ್ಲ. ಎಂಜಿನ್, ಗೇರ್‌ಬಾಕ್ಸ್‌ಗಳನ್ನು ಅವರು ತಯಾರಿಸುತ್ತಿರಲಿಲ್ಲ, ಕೊಳ್ಳುತ್ತಿದ್ದರು. ಅವೇ ಮತ್ತೆ ಮತ್ತೆ ಬದಲಾದವು. ಮಾರುವವನು ತಯಾರಿಕೆ ನಿಲ್ಲಿಸಿದರೆ ಕೊಳ್ಳುವವನಿಗೆ ಆಯ್ಕೆ ಎಲ್ಲಿ?

1936ರ ಕಾರಿನಲ್ಲಿದ್ದುದು ಕವೆಂಟ್ರಿ ಕ್ಲೈಮ್ಯಾಕ್ಸ್ ಎಂಜಿನ್. ಅನಂತರ ಸ್ಟ್ಯಾಂಡರ್ಡ್ ಕಂಪನಿಯದು ಬಂತು. 1950ರ ಪ್ಲಸ್ ಫೋರ್‌ಗೆ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡಿನ ಎಂಜಿನ್, ಆಮೇಲೆ ಟ್ರಯಂಫ್‌ನದು. 1955ರಲ್ಲಿ ಮರಳಿ ಬಂದ ಫೋರ್-ಫೋರ್‌ಗೆ ಫೋರ್ಡಿನದು. 1960ರ ದಶಕದ ನಡುವೆ ಟ್ರಯಂಫ್ ಕಂಪನಿ ತನ್ನ ಸ್ಪೋರ್ಟ್ಸ್ ಕಾರಿಗೆ ಆರು ಸಿಲಿಂಡರಿನ ಎಂಜಿನ್ ಹಾಕಲು ಹೊರಟಿತು. ಅದು ಮಾರ್ಗನ್ನಿನ ಬಾನೆಟ್ಟಿನ ಕೆಳಗೆ ಹಿಡಿಸದಷ್ಟು ಉದ್ದ.

ಅದೇ ವೇಳೆಗೆ ರೋವರ್ ಕಂಪನಿ ಮಾರ್ಗನ್ನನ್ನು ಕೊಂಡುಕೊಳ್ಳುವ ಪ್ರಸ್ತಾಪ ಮುಂದಿಟ್ಟಿತು. ಸಂಸ್ಥಾಪಕರ ಮಗ ಪೀಟರ್ ಮಾರ್ಗನ್ ವಿನಯದಿಂದಲೇ ನಿರಾಕರಿಸಿದರು. ಆದರೆ ಆ ಮಾತುಕತೆಯಿಂದ ಬೇರೊಂದು ಫಲ ದೊರೆಯಿತು. ಅಮೆರಿಕದ ಬ್ಯೂಕ್ ಮೂಲದ, ಅಲ್ಯೂಮಿನಿಯಂನ ಎಂಟು ಸಿಲಿಂಡರಿನ ಎಂಜಿನ್ ರೋವರ್ ಬಳಿ ಇತ್ತು. ಮೂರೂವರೆ ಲೀಟರಿನದಾದರೂ ಅದು ಹಗುರ, ಗಿಡ್ಡ. ಚಾಸಿಯನ್ನು ಎರಡು ಅಂಗುಲ ಉದ್ದ ಮಾಡಿ ಅದನ್ನು ಕೂರಿಸಿದರು. 1968ರ ಪ್ಲಸ್ ಎಯ್ಟ್ ಹುಟ್ಟಿದ್ದು ಹೀಗೆ.

ಈ ಒಂದು ಮಾದರಿಯ ಜಾತಕವೇ ನಮ್ಮ ವಿಷಯಕ್ಕೆ ಸಾಕ್ಷಿ. ಮೊದಮೊದಲು ಎಂಜಿನ್ನಿನಿಂದ ದೂರದಲ್ಲಿ, ಕೊಳವೆಯ ಮೂಲಕ ಜೋಡಿಸಿದ ಮಾಸ್ ಕಂಪನಿಯ ಹಳೆಯ ಗೇರ್‌ಬಾಕ್ಸ್ ಇತ್ತು. 1972ರಲ್ಲಿ ರೋವರಿನದೇ ನಾಲ್ಕು ಗೇರಿನದು ಬಂತು. ಅದು ಎಂಜಿನ್ನಿಗೆ ಅಂಟಿಕೊಂಡೇ ಇರುವುದರಿಂದ ಚಾಸಿಯನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕಾಯಿತು. 1977ರಲ್ಲಿ ಐದು ಗೇರಿನದು ಬಂತು. 1980ರ ದಶಕದಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಧನ ಸಿಂಪಡಿಸುವ ಇಂಜೆಕ್ಷನ್ ಬಂತು, 1990ರಲ್ಲಿ ಎಂಜಿನ್ 3.9 ಲೀಟರಿಗೆ ಬೆಳೆಯಿತು. ಆ ದಶಕದ ಕೊನೆಯ ಹೊತ್ತಿಗೆ ಅಪಘಾತದಲ್ಲಿ ರಕ್ಷಿಸುವ ಗಾಳಿಚೀಲವನ್ನೂ ಅಳವಡಿಸಿದರು. 2004ರಲ್ಲಿ ಈ ಸರಣಿ ಮುಗಿಯುವವರೆಗೆ, ಅಂದರೆ 36 ವರ್ಷಗಳಲ್ಲಿ, ತಯಾರಾದದ್ದು ಸುಮಾರು ಆರು ಸಾವಿರ ಕಾರು. ಹೆಸರು ಒಂದೇ. ಮೊದಲ ಕಾರಿನ ಗೇರ್‌ಬಾಕ್ಸನ್ನು ಕೊನೆಯದಕ್ಕೆ ಹಾಕಲು ಸಾಧ್ಯವಿಲ್ಲ.

ಹೊರಗಿನ ರೂಪವೂ ಅಚಲವೇನಲ್ಲ. 1953ರವರೆಗೆ ಮಾರ್ಗನ್ನಿನ ಮೂತಿ ಚಪ್ಪಟೆಯಾಗಿತ್ತು, ಹೆಡ್‌ಲೈಟುಗಳು ಬಿಡಿಬಿಡಿಯಾಗಿ ನಿಂತಿದ್ದವು. ಆ ಬಗೆಯ ದೀಪಗಳ ಸರಬರಾಜು ನಿಲ್ಲುವಂತಾದಾಗ ಬಾಗಿದ ಮೂತಿಯನ್ನು ರೂಪಿಸಿದರು. ನಡುವೆ ಕೆಲವೇ ಕಾರುಗಳು ಎರಡೂ ಅಲ್ಲದ ರೂಪದಲ್ಲಿ ಹೊರಬಿದ್ದವು. ಅವುಗಳ ದೀಪಗಳು ತಗ್ಗಾದುವೆಂದು ಕಂಡಮೇಲೆ ಮತ್ತೆ ತಿದ್ದಿದರು. ಇಂದು ‘ಇದೇ ಮಾರ್ಗನ್ನಿನ ಮುಖ’ ಎಂದು ಜನ ಮೆಚ್ಚುವ ಮುಖ ದೀಪದ ಅಭಾವದಿಂದ ಹುಟ್ಟಿದ್ದು!

ತಾವಾಗಿಯೇ ಮುಂದಾಗಿ ರೂಪ ಬದಲಿಸಿದ್ದೂ ಉಂಟು. 1963ರಲ್ಲಿ ಫೈಬರ್‌ಗ್ಲಾಸ್ ಮೈಯ, ಮುಚ್ಚಿದ ಚಾವಣಿಯ ಪ್ಲಸ್ ಫೋರ್ ಪ್ಲಸ್ ಎಂಬ ಕಾರನ್ನು ತೋರಿಸಿದರು. ಗಿರಾಕಿಗಳು ಒಪ್ಪಲಿಲ್ಲ. ಮಾರಿದ್ದು 26 ಮಾತ್ರ. ಹಳೆಯ ಮೈಯ ಕಾರುಗಳನ್ನು ಪಕ್ಕದಲ್ಲೇ ಕಟ್ಟುತ್ತಿದ್ದುದರಿಂದ ಕಂಪನಿ ಉಳಿಯಿತು.

ಒಳ್ಳೆಯ ಸುಧಾರಣೆ ಹೊರಗಿನಿಂದ ಬಂದಾಗ ಸ್ವೀಕರಿಸಿದ್ದೂ ಉಂಟು. ಕ್ರಿಸ್ ಲಾರೆನ್ಸ್ ಎಂಬವರು ತಮ್ಮ ಪ್ಲಸ್ ಫೋರ್ ಕಾರನ್ನು ತಾವೇ ಹದಗೊಳಿಸಿ ಓಟಕ್ಕೆ ಇಳಿಸುತ್ತಿದ್ದರು. 1962ರಲ್ಲಿ ಅವರೂ ರಿಚರ್ಡ್ ಶೆಫರ್ಡ್-ಬ್ಯಾರನ್ನರೂ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ ಎರಡು ಲೀಟರ್ ವರ್ಗವನ್ನು ಗೆದ್ದರು. ಅವರು ಹದ ಮಾಡಿದ ಎಂಜಿನ್ನಿನ ಸೂಪರ್ ಸ್ಪೋರ್ಟ್ಸ್ ಕಾರನ್ನು ಕಾರ್ಖಾನೆಯೇ ಗಿರಾಕಿಗಳಿಗೆ ಮಾರಿತು. ಬಹುಕಾಲದ ನಂತರ, 2000ದಲ್ಲಿ ಬಂದ ಏರೋ ಎಯ್ಟ್ ಕಾರಿನ ಅಂಟಿಸಿದ ಅಲ್ಯೂಮಿನಿಯಂ ಚಾಸಿಯ ಹಿಂದೆಯೂ ಇದೇ ಲಾರೆನ್ಸರ ಕೈ ಇತ್ತು.

1990ರಲ್ಲಿ ಬಿಬಿಸಿಯ ‘ಟ್ರಬಲ್‌ಶೂಟರ್’ ಕಾರ್ಯಕ್ರಮಕ್ಕಾಗಿ ಉದ್ಯಮತಜ್ಞ ಸರ್ ಜಾನ್ ಹಾರ್ವೆ-ಜೋನ್ಸ್ ಈ ಕಾರ್ಖಾನೆಗೆ ಬಂದರು. ಕಾರಿಗಾಗಿ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಉತ್ಪಾದನೆ ಹೆಚ್ಚಿಸಿ, ಕೆಲಸದ ಕ್ರಮವನ್ನು ಆಧುನಿಕಗೊಳಿಸಿ ಎಂದು ಅವರು ಖಾರವಾಗಿಯೇ ಸಲಹೆ ಕೊಟ್ಟರು. ಮಾರ್ಗನ್ನರು ಆಗ ಒಪ್ಪಲಿಲ್ಲ. ಆದರೂ ಕಾರ್ಖಾನೆಯ ರೀತಿನೀತಿ ಅನಂತರ ಮೆಲ್ಲಗೆ ಬದಲಾಯಿತು. ಯಾರ ಪಕ್ಷ ಸರಿ? ಕಾದುನಿಂತ ಗಿರಾಕಿಗಳ ಸಾಲೇ ಸಣ್ಣ ಕಾರ್ಖಾನೆಗೆ ಬರಗಾಲದ ಕಣಜ ಎಂಬುದು ಮಾರ್ಗನ್ನರ ವಾದಕ್ಕಿರುವ ಬಲ. ಕಣಜವನ್ನೇ ನೆಚ್ಚಿ ಉಳುಮೆ ಬಿಡಬಾರದೆಂಬುದು ತಜ್ಞರ ವಾದಕ್ಕಿರುವ ಬಲ. ಎರಡೂ ನಿಜ ಎಂಬುದನ್ನು ಮುಂದಿನ ವರ್ಷಗಳು ತೋರಿಸಿದವು.

ಗಮನಿಸಿ: ಮಾರ್ಗನ್ನನ್ನು ಕೊಳ್ಳಬಯಸಿದ್ದ ರೋವರ್, ಹಲವು ಕೈ ಬದಲಾಗಿ 2005ರಲ್ಲಿ ಮುಳುಗಿತು. ಟ್ರಯಂಫ್ ಕಾರುಗಳು 1984ರಲ್ಲೇ ನಿಂತಿದ್ದವು. ಎಂಜಿನ್ ಕೊಟ್ಟ ದೊಡ್ಡವರು ಹೋದರು, ಕೊಂಡ ಚಿಕ್ಕವರು ಉಳಿದರು. ಉಳಿದದ್ದಕ್ಕೆ ಬೆಲೆಯನ್ನೂ ತೆತ್ತರು. 2019ರಲ್ಲಿ ಕಂಪನಿಯ ಹೆಚ್ಚಿನ ಪಾಲು ಕುಟುಂಬದ ಕೈಬಿಟ್ಟು ಇಟಲಿ ಮೂಲದ ಹೂಡಿಕೆ ಸಂಸ್ಥೆಗೆ ಹೋಯಿತು. 2020ರಲ್ಲಿ, 84 ವರ್ಷಗಳ ತರುವಾಯ, ಉಕ್ಕಿನ ಚಾಸಿ ನಿಂತಿತು. ಅದರೊಂದಿಗೆ ಸಂಸ್ಥಾಪಕರು ಮೂರು ಚಕ್ರದ ಬಂಡಿಗೆಂದು ರೂಪಿಸಿ, ಈ ಕಾರುಗಳಿಗೂ ಇಳಿದುಬಂದಿದ್ದ ಮುಂಚಕ್ರದ ಸ್ಪ್ರಿಂಗ್ ಕಂಬದ ವ್ಯವಸ್ಥೆಯೂ ಹೋಯಿತು. ಹೊಸ ಪ್ಲಸ್ ಫೋರ್‌ಗೆ ಅಲ್ಯೂಮಿನಿಯಂ ಚಾಸಿ, ಬಿಎಂಡಬ್ಲ್ಯು ಎಂಜಿನ್. ಆಶ್ ಮರದ ಚೌಕಟ್ಟು ಮಾತ್ರ ಹಾಗೆಯೇ ಇದೆ.

ಹಾಗಾದರೆ ಉಳಿದದ್ದೇನು? ಬಡಗಿಯ ಕಸುಬು ಉಳಿಯಿತು. ಇನ್ನೊಂದೂ ಉಳಿಯಿತು: ದಾಖಲೆ. ಹೀಗೆ ನಡೆನಡೆಯುತ್ತ ಬದಲಾಗುವ ಕಾರಿಗೆ ‘ಇಂಥ ವರ್ಷದ್ದು’ ಎಂದರೆ ಬಿಡಿಭಾಗ ಸಿಕ್ಕದು. ಚಾಸಿಯ ಸಂಖ್ಯೆ ಹೇಳಬೇಕು. ಆ ಸಂಖ್ಯೆಯ ಎದುರಿಗೆ ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಯಾವ ಬಣ್ಣ ಎಂದು ಕಾರ್ಖಾನೆ ಬರೆದಿಟ್ಟ ಸಾಲು ಇಲ್ಲದಿದ್ದರೆ ಅರುವತ್ತು ವರ್ಷದ ಕಾರನ್ನು ರಿಪೇರಿ ಮಾಡುವವನು ಕತ್ತಲಲ್ಲಿ ತಡಕಾಡಬೇಕು. ಸರಿಯಾಗಿ ಬರೆದಿಟ್ಟ ಬದಲಾವಣೆ ಸುಧಾರಣೆಯಾಗುತ್ತದೆ, ಬರೆಯದೆ ಬಿಟ್ಟದ್ದು ಮುಂದಿನವರ ಪಾಲಿಗೆ ಗೊಂದಲವಾಗುತ್ತದೆ.

ಪರಂಪರೆಯನ್ನು ಉಳಿಸುವುದೆಂದರೆ ಏನನ್ನೂ ಮುಟ್ಟದಿರುವುದು ಎಂದು ನಾವು ಬಗೆಯುತ್ತೇವೆ. ಏನನ್ನೂ ಮುಟ್ಟದಿದ್ದರೆ ಮಾಲ್ವರ್ನಿನ ಆ ಶೆಡ್ಡುಗಳಿಗೆ ಎಂದೋ ಬೀಗ ಬೀಳುತ್ತಿತ್ತು. ಎಲ್ಲವನ್ನೂ ಒಮ್ಮೆಗೇ ಬದಲಿಸಿದ್ದರೂ ಬೀಗವೇ ಗತಿಯಾಗುತ್ತಿತ್ತು. ಇಂದಿನ ಕಾರಿನಲ್ಲಿ ಒಂದು ಭಾಗ, ನಾಳೆಯದರಲ್ಲಿ ಇನ್ನೊಂದು ಎಂದು ಬದಲಿಸುತ್ತ, ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಡುತ್ತ ಹೋದ ಕೆಲಸಗಾರರೇ ಆ ಕಾರನ್ನು ಉಳಿಸಿದವರು.